ಕರ್ಚೀಫು ಹಾಕಿದ ಸೀಟು

ಕರ್ಚೀಫಿನ ಅರ್ಥವನ್ನು ನಮ್ಮ ಬಸ್ಸುಗಳಿಗೆ ಯಾರೂ ಕಲಿಸಿರಲಿಲ್ಲ. ಅವು ತಾವಾಗಿಯೇ ಕಲಿತುಕೊಂಡವು.

ಹುಬ್ಬಳ್ಳಿ-ಧಾರವಾಡದ ನಡುವೆ ಚಾಲಕರಿಲ್ಲದ ವಿದ್ಯುತ್ ಬಸ್ಸುಗಳನ್ನು ಬಿಟ್ಟ ಹೊಸತರಲ್ಲಿ, ಅವೆಲ್ಲವನ್ನೂ ಒಟ್ಟಿಗೆ ನಡೆಸುವ ಗಣಕಬುದ್ಧಿಗೆ ಜನರ ರೀತಿ ರಿವಾಜು ಏನೂ ಗೊತ್ತಿರಲಿಲ್ಲ. ನಾವು ಅದನ್ನು 'ಜಾಲ' ಎಂದು ಕರೆಯುತ್ತಿದ್ದೆವು. ಪ್ರತಿ ಬಸ್ಸಿನ ಚಾವಣಿಯಲ್ಲಿ ಒಂದು ಕಣ್ಣಿತ್ತು. ನೋಡುತ್ತ ನೋಡುತ್ತ ಕಲಿತುಕೋ ಎಂದು ಬಿಟ್ಟುಬಿಟ್ಟಿದ್ದೆವು. ಅದು ನೋಡಿತು. ಕಿಟಕಿಯಿಂದ ಒಂದು ಕೈ ಒಳಗೆ ಬರುತ್ತದೆ, ಸೀಟಿನ ಮೇಲೆ ಒಂದು ಬಟ್ಟೆ ಬೀಳುತ್ತದೆ. ಆಮೇಲೆ ಬಸ್ಸು ಕಿಕ್ಕಿರಿದು ತುಂಬಿದರೂ ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ನಿಂತವರು ಗೊಣಗುತ್ತಾರೆ, ಬೈಯುತ್ತಾರೆ, ಆದರೆ ನಿಂತೇ ಇರುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಬಂದು ಬಟ್ಟೆ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಇದನ್ನು ಸಾವಿರಾರು ಸಲ ನೋಡಿದ ಜಾಲ, ಬಟ್ಟೆಯೆಂದರೆ ಇನ್ನೂ ಬಂದಿರದ ಮನುಷ್ಯ ಎಂದು ತೀರ್ಮಾನಿಸಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆ ಹಾಕಿದವರು ಯಾವ ನಿಲ್ದಾಣದಲ್ಲಿ ಕತ್ತು ಚಾಚಿ ಹೊರಗೆ ನೋಡುತ್ತಾರೋ ಆ ಮನುಷ್ಯ ಹತ್ತುವುದು ಅಲ್ಲಿಯೇ ಎಂದು ತಿಳಿದುಕೊಂಡಿತು. ಅಲ್ಲಿ ಬಸ್ಸನ್ನು ತುಸು ಹೊತ್ತು ತಡೆದು ನಿಲ್ಲಿಸುವುದನ್ನೂ ಕಲಿಯಿತು. ಬೇರೆ ಊರುಗಳಿಂದ ಬಂದ ಎಂಜಿನಿಯರುಗಳು ಇದನ್ನು ನೋಡಿ ಬೆರಗಾದರು. ನಮಗೇನೂ ಬೆರಗಾಗಲಿಲ್ಲ. ಕರ್ಚೀಫಿಗೆ ಮರ್ಯಾದೆ ಕೊಡದ ಬಸ್ಸು ನಮ್ಮ ಕಡೆ ಓಡುವುದಾದರೂ ಹೇಗೆ?

ಜಾಲ ಬಂದದ್ದು ಮುಖ್ಯವಾಗಿ ವಿಶ್ವವಿದ್ಯಾಲಯದ ಸಲುವಾಗಿ. ಕಾರು, ಬೈಕು ತಂದವರಿಗೆ ಗೇಟು ತೆರೆಯುವುದಿಲ್ಲ ಎಂದು ಅವರು ಠರಾವು ಮಾಡಿದರು. ಮಾಸ್ತರರು, ವಿದ್ಯಾರ್ಥಿಗಳು, ಕಾರಕೂನರು ಎಲ್ಲರೂ ಬಸ್ಸಿಗೇ ಬರಬೇಕಾಯಿತು. ಸುಳ್ಳು ಯಾಕೆ ಹೇಳಲಿ, ಒಳ್ಳೆಯದೇ ಆಯಿತು. ಗಾಡಿ ನಿಲ್ಲಿಸುತ್ತಿದ್ದ ಬಯಲಿನಲ್ಲಿ ಬೇವಿನ ಗಿಡ ಬೆಳೆದವು. ಹೆದ್ದಾರಿಯ ಪಕ್ಕದ ಮನೆಗಳವರು ಕಿಟಕಿ ತೆರೆದು ಮಲಗುವಂತಾಯಿತು. ಆದರೆ ಎರಡನೆಯ ವರ್ಷ ಜಾಲ ಇನ್ನೂ ಜಾಣವಾಯಿತು. ದೊಡ್ಡ ಬಸ್ಸು ಅರ್ಧ ಖಾಲಿ ಓಡುವುದಕ್ಕಿಂತ ಸಣ್ಣ ಸಣ್ಣ ಬಸ್ಸು ಓಣಿಯ ಬಾಯಿಗೇ ಹೋಗಿ ಜನರನ್ನು ಹತ್ತಿಸಿಕೊಂಡು, ಅವರವರ ಗೇಟಿಗೆ ನೇರ ಒಯ್ದು ಬಿಟ್ಟರೆ ವಿದ್ಯುತ್ತು ಕಡಿಮೆ ಸಾಕು ಎಂದು ಲೆಕ್ಕ ಹಾಕಿತು. ಒಂದು ಸೋಮವಾರ ಬೆಳಿಗ್ಗೆ ಎಲ್ಲರ ಪಾಸೂ ಬದಲಾಯಿತು. ಪ್ರತಿಯೊಬ್ಬರಿಗೂ ಒಂದು ಬಸ್ಸು, ಒಂದು ಸೀಟು, ಒಂದು ಗೇಟು. ಬೇರೆ ಬಸ್ಸಿನ ಬಾಗಿಲು ನಿಮ್ಮ ಪಾಸಿಗೆ ತೆರೆಯುವುದಿಲ್ಲ. ನಡುವೆ ಇಳಿದರೆ ಆ ದಿನದ ಪಾಸು ಮುಗಿಯಿತು. ನೂಕುನುಗ್ಗಲು ನಿಂತಿತು, ಜಗಳ ನಿಂತಿತು. ಬಸ್ ನಿಲ್ದಾಣಗಳಲ್ಲಿ ಕಾಯುವವರು ಇಲ್ಲವಾದ್ದರಿಂದ ಅಲ್ಲಿದ್ದ ಕ್ಯಾಮೆರಾಗಳನ್ನೂ ಬಿಚ್ಚಿ ಒಯ್ದರು.

ನಾನು ಇಂದುಮತಿ ಯಲಿಗಾರ. ಜಾಲದ ನಿಯಂತ್ರಣ ಕೋಣೆ ಇರುವುದು ನವನಗರದಲ್ಲಿ, ನಾಲ್ಕನೆಯ ಮಹಡಿಯಲ್ಲಿ. ಮೊದಲು ಅಲ್ಲಿ ಎಂಟು ಜನ ಇದ್ದೆವು. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ಉಣ್ಣುತ್ತಿದ್ದೆವು. ಜಾಲ ಜಾಣವಾದ ಹಾಗೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕಡೆ ಹಾಕಿದರು. ಈಗ ಹಗಲಿನ ಪಾಳಿಗೆ ನಾನೊಬ್ಬಳೇ. ಏಳು ಕುರ್ಚಿ ಖಾಲಿ ಇವೆ. ಯಾರೂ ಒಯ್ಯಲಿಲ್ಲ, ನಾನೂ ಒಯ್ಯಿರಿ ಎನ್ನಲಿಲ್ಲ. ಜಾಲ ತಪ್ಪು ಮಾಡಿದರೆ ಹಿಡಿಯುವುದು ನನ್ನ ಕೆಲಸ. ಅದು ತಪ್ಪು ಮಾಡುವುದೇ ಅಪರೂಪ. ಹೀಗಾಗಿ ನನಗೆ ಸಂಬಳ ಬರುವುದು ಹೆಚ್ಚಾಗಿ ಸುಮ್ಮನೆ ಕೂತದ್ದಕ್ಕೆ.

ಅಂಥದ್ದರಲ್ಲಿ ಹೊಂಬಳ ಸಾಹೇಬರು ಫೋನು ಮಾಡಿದರು. ಅವರು ನಮ್ಮ ಮುಖ್ಯ ಎಂಜಿನಿಯರು. ಸಿಟ್ಟಿನವರಲ್ಲ, ಆದರೆ ಅರ್ಧ ನಿಮಿಷ ವ್ಯರ್ಥವಾದರೂ ಅವರಿಗೆ ಹೊಟ್ಟೆನೋವು ಬರುತ್ತದೆ.

"ಮೇಡಂ, ಭೈರಿದೇವರಕೊಪ್ಪದ ಸ್ಟಾಪಿನಾಗ ಮುಂಜಾನೆ ಒಂದು ಬಸ್ ದಿನಾ ಸುಮ್ ಸುಮ್ನ ನಿಲ್ಲಾಕತ್ತೈತಿ. ಹತ್ತೋರಿಲ್ಲ, ಇಳಿಯೋರಿಲ್ಲ. ಬಾಗಿಲಾ ತಗೀತೈತಿ, ನಿಲ್ತೈತಿ, ಹೋಗ್ತೈತಿ. ಏನದು?"

"ನೋಡ್ತೇನ್ರಿ ಸರ್."

ನೋಡಿದೆ. ಕಾಯಿದೆಯ ಪ್ರಕಾರ ಪ್ರಯಾಣಿಕರ ಮುಖ ನಮಗೆ ಕಾಣಿಸುವ ಹಾಗಿಲ್ಲ, ಹೆಸರು ಸಿಗುವ ಹಾಗಿಲ್ಲ. ಪರದೆಯ ಮೇಲೆ ಕಾಣುವುದು ಬೂದು ಬಣ್ಣದ ಆಕಾರಗಳಷ್ಟೆ, ಮಾತಂತೂ ಕೇಳಿಸುವುದೇ ಇಲ್ಲ. ಸಂಜೆಯಾದರೆ ಅದನ್ನೂ ಅಳಿಸಿಬಿಡುತ್ತಾರೆ. ಆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಂದು ಬೂದು ಆಕಾರ ಕೂತಿತ್ತು. ಅದರ ಪಕ್ಕದ ಸೀಟಿನ ಮೇಲೆ ಒಂದು ಬಟ್ಟೆ ಇತ್ತು. ಪ್ರತಿಯೊಬ್ಬರಿಗೂ ಸೀಟು ಖಾತ್ರಿಯಿರುವ ಕಾಲದಲ್ಲಿ ಯಾರೋ ಇನ್ನೂ ಸೀಟು ಹಿಡಿಯುತ್ತಿದ್ದರು.

ಕಾರಣ ಸಿಕ್ಕಿತು ಎಂದು ಸಾಹೇಬರಿಗೆ ಹೇಳಿದೆ. ಅವರು ನಕ್ಕು, ಮುಂದಿನ ಗುರುವಾರ ಮಧ್ಯಾಹ್ನ ಜಾಲಕ್ಕೆ ತಿದ್ದುಪಡಿ ಹಾಕಿ ಈ ಕರ್ಚೀಫಿನ ಪಾಠವನ್ನು ಮರೆಸಿಬಿಡುತ್ತೇವೆ ಎಂದರು. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು.

ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಅದೇ ತಲೆಯಲ್ಲಿತ್ತು. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಬಾಡಿಗೆ ಮನೆ, ಒಂದು ಕೋಣೆ, ಒಂದು ಅಡಿಗೆಮನೆ. ಖಾನಾವಳಿಯಿಂದ ರೊಟ್ಟಿ ಬರುತ್ತದೆ, ತಂದವನು ಬಾಗಿಲ ಹಿಡಿಕೆಗೆ ಚೀಲ ಸಿಕ್ಕಿಸಿ ಹೋಗುತ್ತಾನೆ. ಗದಗಿನಲ್ಲಿರುವ ತಂಗಿ ಸುಗಲಾ ಭಾನುವಾರ ಫೋನು ಮಾಡುತ್ತಾಳೆ. ಊಟ ಆಯಿತಾ, ಆರಾಮಿದ್ದೀಯಾ, ಮಳೆ ಬಂತಾ ಎಂದು ಕೇಳುತ್ತಾಳೆ, ನಾನೂ ಅವನ್ನೇ ಕೇಳುತ್ತೇನೆ. ಬೆಳಿಗ್ಗೆ ಓಣಿಯ ಬಾಯಿಗೆ ಬಸ್ಸು ಬರುತ್ತದೆ, ನನ್ನ ಸೀಟಿನಲ್ಲಿ ಕೂತು ಹೋಗುತ್ತೇನೆ. ಮನೆಯಿಂದ ಕಚೇರಿ, ಕಚೇರಿಯಿಂದ ಮನೆ, ನಡುವೆ ಯಾರೊಂದಿಗೂ ತುಟಿ ಬಿಚ್ಚದೆ ಎಷ್ಟು ಕಾಲವಾಯಿತೋ ನೆನಪಿಲ್ಲ. ಯಾರೋ ಒಬ್ಬರು ಇನ್ನೂ ಪಕ್ಕದ ಸೀಟು ಹಿಡಿಯುತ್ತಿದ್ದಾರಲ್ಲ, ಅವರನ್ನು ಒಂದು ಸಲ ನೋಡಬೇಕು ಅನ್ನಿಸಿತು. ಹೊಟ್ಟೆಕಿಚ್ಚು ಅಂದರೂ ಸರಿಯೇ.

ತಪಾಸಣೆಯ ನೆಪ ಹೇಳಿ ಬುಧವಾರ ಬೆಳಿಗ್ಗೆ ಆ ಬಸ್ಸು ಹತ್ತಿದೆ. ಕಚೇರಿಯ ಪಾಸಿಗೆ ಎಲ್ಲ ಬಾಗಿಲೂ ತೆರೆಯುತ್ತವೆ. ಸೀಟು ಹಿಡಿದಿದ್ದವಳು ಇಪ್ಪತ್ತೈದು ದಾಟಿದ ಹುಡುಗಿ. ಮಡಿಲಲ್ಲಿ ಚೀಲ, ಚೀಲದ ಮೇಲೆ ಬಿಳಿ ಕೋಟು. ಪಕ್ಕದಲ್ಲಿ ನೀಲಿ ಚೌಕಳಿಯ ಕರ್ಚೀಫು. ನಾನು ಹಿಂದಿನ ಸೀಟಿನಲ್ಲಿ ಕೂತು ಮುಂದಕ್ಕೆ ಬಾಗಿದೆ.

"ಇಲ್ಲೆ ಯಾರರೆ ಬರೋರು ಅದಾರೇನವಾ?"

"ಹೂನ್ರಿ, ಬರ್ತಾರ," ಎಂದಳು ಥಟ್ಟನೆ. ಕೈ ಕರ್ಚೀಫಿನ ಮೇಲೆ ಹೋಯಿತು.

ಭೈರಿದೇವರಕೊಪ್ಪ ಬಂತು. ಹುಡುಗಿ ಕತ್ತು ಚಾಚಿದಳು. ಬಸ್ಸು ನಿಂತು ಬಾಗಿಲು ತೆರೆಯಿತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದು ನಾಯಿ ಮಲಗಿತ್ತು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಹುಡುಗಿ ಕರ್ಚೀಫು ಮಾತ್ರ ತೆಗೆಯಲಿಲ್ಲ.

"ಬರಲಿಲ್ಲಲ್ಲ," ಎಂದೆ.

"ನಾಳೆ ಬರ್ತಾರ್ರಿ."

ಸ್ವಲ್ಪ ದೂರ ಹೋದ ಮೇಲೆ ಅವಳೇ ತಿರುಗಿ ಕೂತಳು. ಕೇಳುವವರು ಸಿಕ್ಕರೆ ಹೇಳಬೇಕೆಂದು ಬಹಳ ದಿನದಿಂದ ಕಾಯುತ್ತಿದ್ದಳೇನೋ.

"ಅಕ್ಕಾರ ಅಂತ ಕರೀತಿದ್ದೆ ನಾನು. ನನಗಿಂತ ಭಾಳ ದೊಡ್ಡವರು. ಇಬ್ರೂ ಈ ಸ್ಟಾಪಿನಾಗ ಹತ್ತತಿದ್ವಿ. ಬಸ್ ತುಂಬಿ ಬರ್ತಿತ್ತು. ಅವರಿಗೆ ಮೊಣಕಾಲು ನೋವು, ನಾ ನುಗ್ಗಿ ಹೋಗಿ ಸೀಟಿನ ಮ್ಯಾಲ ಈ ದಸ್ತಿ ಹಾಕ್ತಿದ್ದೆ. ಒಮ್ಮೊಮ್ಮೆ ಅವರ ಮೊದಲ ಬಂದಿದ್ರ ಅವರೂ ನನಗ ಹಿಡೀತಿದ್ರು. ಎಂ.ಎಸ್ಸಿ. ಶುರು ಆದಾಗಿಂದ ಹಿಂಗ. ಈಗ ಪಿಎಚ್.ಡಿ. ಮಾಡಾಕತ್ತೇನಿ. ನಮ್ಮ ಗೈಡ್ ಬೈದಿದ್ದು, ನನ್ನ ಪ್ರಯೋಗ ಕೆಟ್ಟಿದ್ದು, ಎಲ್ಲಾ ಅವರಿಗೇ ಮೊದಲ ಹೇಳ್ತಿದ್ದೆ. ಮನ್ಯಾಗ ತಿಳಿಯೂದಿಲ್ಲ, ಲ್ಯಾಬಿನಾಗ ಯಾರೂ ಮಾತಾಡೂದಿಲ್ಲ."

"ಮತ್ತ ಅವರ ಎಲ್ಲಿ ಹೋದ್ರು?"

"ಗೊತ್ತಿಲ್ರಿ. ಆ ಶನಿವಾರ ದವಾಖಾನಿಗೆ ಹೋಗಬೇಕು, ಏನೋ ತಪಾಸಣಿ ಐತಿ ಅಂದಿದ್ರು. ಸೋಮವಾರ ಪಾಸ್ ಬದಲಾತು. ಓಣಿಗೇ ಬಸ್ ಬಂತು. ಆಮ್ಯಾಲ ಅವರನ್ನ ನೋಡೇ ಇಲ್ಲ."

"ಯೂನಿವರ್ಸಿಟಿಯಾಗ ಕೇಳಬೇಕಿಲ್ಲೊ?"

"ಏನಂತ ಕೇಳ್ಲಿ? ಹೆಸರ ಗೊತ್ತಿಲ್ಲ. ಯಾವ ಆಫೀಸು ಗೊತ್ತಿಲ್ಲ." ಅವಳ ದನಿ ಸಣ್ಣಗಾಯಿತು. "ಮಂಗಳವಾರ ಉಪವಾಸ ಮಾಡ್ತಾರ. ಮಗಳು ಮೀರಜಿನಾಗ ಅದಾಳ, ಅಳಿಯಾ ಒರಟ. ಹೆಸರುಬ್ಯಾಳಿ ಉಂಡ್ರ ಹೊಟ್ಟಿ ಉಬ್ಬತೈತಿ. ಗಂಡ ಸತ್ತಾಗ ಕಣ್ಣೀರು ಬರಲಿಲ್ಲಂತ, ಅದನ್ನ ಯಾರಿಗೂ ಹೇಳಿಲ್ಲಂತ, ನನಗ ಹೇಳ್ಯಾರ. ಇಷ್ಟೆಲ್ಲಾ ಗೊತ್ತೈತಿ. ಇದನ್ನ ಯಾವ ಕೌಂಟರಿನಾಗ ಹೇಳಿ ಹುಡುಕ್ಲಿ?"

ಬಸ್ಸಿನ ಗೆಳೆತನ ಇರುವುದೇ ಹಾಗೆ. ನಾಳೆ ಹೇಗೂ ಸಿಗುತ್ತಾರೆ ಎಂದು ಹೆಸರು ಕೇಳುವುದೇ ಇಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಕೇಳುವುದಕ್ಕೆ ನಾಚಿಕೆಯಾಗುತ್ತದೆ.

"ಗುಡಿ ಹಿಂದಿನ ಓಣಿ ಅಂತಿದ್ರು. ಒಂದಿನ ಓಣಿ ಬಾಯಿತನಕಾ ಹೋದೆ. ಒಳಗ ಹೋಗಲಿಲ್ರಿ. ಯಾವುದರೆ ಮನಿ ಮುಂದ ಜನಾ ಕೂಡಿದ್ರ, ಪೆಂಡಾಲ್ ಹಾಕಿದ್ರ... ನನಗ ಆಗೂದಿಲ್ಲ. ಸೀಟ್ ಹಿಡಿದೇನಿ ಅಂದ್ರ ಅವರು ಇನ್ನೂ ಬರೋರು ಅದಾರ ಅಂತಾತಲ್ಲ?"

ವಿಜ್ಞಾನ ಓದಿದ ಹುಡುಗಿ ಹೀಗೆ ಹೇಳಿದಳು. ನಾನು ನಗಲಿಲ್ಲ. ಅವಳು ಹೆದರಿದ್ದಳು. ಗುರುವಾರ ಮಧ್ಯಾಹ್ನದ ನಂತರ ಯಾವ ಬಸ್ಸೂ ಅವಳ ಕರ್ಚೀಫಿಗೆ ನಿಲ್ಲುವುದಿಲ್ಲ ಎಂದು ಹೇಳಲು ನನಗೆ ನಾಲಗೆ ಏಳಲಿಲ್ಲ. ಬದಲಿಗೆ ನನ್ನ ತಂಗಿಯ ಬಗ್ಗೆ ಹೇಳಿದೆ, ಖಾಲಿ ಕುರ್ಚಿಗಳ ಬಗ್ಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಗೇಟು ಬಂದಾಗ "ಬರ್ತೇನ್ರಿ" ಎಂದು ಕರ್ಚೀಫು ಮಡಚಿ ಚೀಲಕ್ಕೆ ಹಾಕಿಕೊಂಡು ಇಳಿದಳು.

ಕಚೇರಿಗೆ ಬಂದವಳೇ ಆ ದಿನ ಬೆಳಗಿನ ನಿಲುಗಡೆಗಳನ್ನೆಲ್ಲ ತೆರೆದು ನೋಡಿದೆ. ಭೈರಿದೇವರಕೊಪ್ಪ ಹೆದ್ದಾರಿಯ ಮೇಲಿದೆ. ಯಾವ ಓಣಿಯಿಂದ ಹೊರಟ ಬಸ್ಸೂ ಅದನ್ನು ದಾಟಿಯೇ ಧಾರವಾಡಕ್ಕೆ ಹೋಗಬೇಕು. ಹುಡುಗಿಯ ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಇನ್ನೊಂದು ಬಸ್ಸು ಅಲ್ಲೇ ನಿಂತಿತ್ತು. ಅದು ಗ್ರಂಥಾಲಯದ ಕಡೆಯ ಗೇಟಿಗೆ ಹೋಗುವ ಬಸ್ಸು. ಅಲ್ಲೂ ಯಾರೂ ಹತ್ತಿರಲಿಲ್ಲ, ಯಾರೂ ಇಳಿದಿರಲಿಲ್ಲ. ಎರಡು ನಿಲುಗಡೆಗಳು ಹತ್ತಿರ ಹತ್ತಿರ ಇದ್ದದ್ದರಿಂದ ಸಾಹೇಬರ ವರದಿಯಲ್ಲಿ ಅವು ಒಂದೇ ಆಗಿ ಕಂಡಿದ್ದವು. ಆ ಬಸ್ಸಿನ ಒಳಗಿನ ಚಿತ್ರ ತೆರೆದೆ. ಬೂದು ಬಣ್ಣದ ಆಕಾರ ಒಂದು, ಸ್ವಲ್ಪ ದಪ್ಪ, ಒಂದು ಕಾಲನ್ನು ಮುಂದಕ್ಕೆ ಚಾಚಿ ಕೂತಿದೆ. ಕತ್ತು ಕಿಟಕಿಯ ಕಡೆ ಚಾಚಿದೆ. ಪಕ್ಕದ ಸೀಟಿನ ಮೇಲೆ ಒಂದು ಬಟ್ಟೆ.

ನನಗೆ ಕಣ್ಣಲ್ಲಿ ನೀರು ಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಒಬ್ಬರಿಗೊಬ್ಬರು ಸೀಟು ಹಿಡಿದುಕೊಂಡು, ಒಬ್ಬರ ಹಿಂದೆ ಒಬ್ಬರು, ದಿನಾ ಅದೇ ರಸ್ತೆಯಲ್ಲಿ ಹೋಗುತ್ತಿದ್ದರು.

ಹೊಂಬಳ ಸಾಹೇಬರಿಗೆ ಫೋನು ಮಾಡಿದೆ. "ಸರ್, ಇಬ್ಬರು ಒಂದೇ ಬಸ್ಸಿನಾಗ ಕೂಡಿ ಹೋಗಬೇಕು ಅಂದ್ರ ಜಾಲದಾಗ ದಾರಿ ಐತೇನ್ರಿ?"

"ಒಂದೇ ಗೇಟಿಗೆ ಹೋಗೋರಾದ್ರ ತಾನ ಕೂಡಸ್ತೈತಿ."

"ಬ್ಯಾರೆ ಬ್ಯಾರೆ ಗೇಟು, ಸರ್."

"ಮತ್ತ ಯಾಕ ಕೂಡಿ ಹೋಗಬೇಕು?"

ಅವರು ನಿಜವಾಗಿಯೂ ತಿಳಿಯದೆ ಕೇಳಿದರು. ಜೊತೆಗೆ ಕೂರಬೇಕು ಎಂಬ ಕೋರಿಕೆಗೆ ನಾವು ಜಾಲದಲ್ಲಿ ಜಾಗವನ್ನೇ ಇಟ್ಟಿರಲಿಲ್ಲ. ಅಂಥದೊಂದು ಬೇಕಾದೀತು ಎಂದು ಎಂಟು ಜನ ಕೂಡಿ ಉಣ್ಣುತ್ತಿದ್ದ ನಮಗೇ ಹೊಳೆದಿರಲಿಲ್ಲ. ತಿದ್ದುಪಡಿಯನ್ನು ಒಂದು ವಾರ ಮುಂದೆ ಹಾಕಿರಿ ಎಂದು ಕೇಳಿದೆ. "ಬಟ್ಟಿಗೆ ಸೀಟ್ ಕೊಡೂದಲ್ಲ ಮೇಡಂ ನಮ್ಮ ಕೆಲಸ," ಎಂದು ನಕ್ಕು ಫೋನು ಇಟ್ಟರು.

ಹುಡುಗಿಗೆ ಹೋಗಿ ಹೇಳಿಬಿಡಬಹುದಿತ್ತು. ಆದರೆ ಒಬ್ಬ ಪ್ರಯಾಣಿಕರ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಅದು ಅಕ್ಕಾರ ಅಲ್ಲದೆ ಬೇರೆ ಯಾರೋ ಆಗಿದ್ದರೆ? ಕಾಲು ಚಾಚಿ ಕೂರುವವರು ಊರಲ್ಲಿ ಅವರೊಬ್ಬರೇ ಅಲ್ಲವಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಎನ್ನುವುದು ನನ್ನಿಂದ ಆಗದ ಕೆಲಸ. ಅವರೇ ಕಣ್ಣಾರೆ ಒಬ್ಬರನ್ನೊಬ್ಬರು ನೋಡಬೇಕು. ಅದಕ್ಕೆ ಉಳಿದದ್ದು ಗುರುವಾರ ಬೆಳಿಗ್ಗೆ ಒಂದೇ.

ನನ್ನ ಮೇಜಿನ ಮೇಲೆ ಒಂದು ಕೆಂಪು ಗುಂಡಿಯಿದೆ. ಅಪಾಯ ಕಂಡರೆ ಯಾವ ಬಸ್ಸನ್ನಾದರೂ ಕೈಯಿಂದ ತಡೆದು ನಿಲ್ಲಿಸಬಹುದು. ಗುರುವಾರ ಹುಡುಗಿಯ ಬಸ್ಸು ಭೈರಿದೇವರಕೊಪ್ಪಕ್ಕೆ ಬಂದು, ಬಾಗಿಲು ತೆರೆದು, ಇನ್ನೇನು ಮುಚ್ಚಬೇಕು ಎನ್ನುವಾಗ ಗುಂಡಿ ಒತ್ತಿದೆ. ಬಸ್ಸು ನಿಂತಿತು. ಹಿಂದಿನ ಬಸ್ಸು ಬರುತ್ತಿತ್ತು. ನಿಲ್ದಾಣದಲ್ಲಿ ಜಾಗವಿಲ್ಲದ್ದರಿಂದ ಜಾಲ ಅದನ್ನು ಪಕ್ಕದ ಸಾಲಿಗೆ ತಂದು ನಿಲ್ಲಿಸಿತು. ಕಿಟಕಿಗೆ ಕಿಟಕಿ ಎದುರಾಯಿತು. ಅದೂ ಬಾಗಿಲು ತೆರೆದಾಗ ಅದಕ್ಕೂ ಗುಂಡಿ ಒತ್ತಿದೆ.

ಎರಡು ಪರದೆಗಳಲ್ಲಿ ಎರಡು ಬಸ್ಸಿನ ಒಳಭಾಗ. ಮೊದಲು ಏನೂ ಆಗಲಿಲ್ಲ. ಆಮೇಲೆ ಹುಡುಗಿಯ ಆಕಾರ ಮೆಲ್ಲಗೆ ಅರ್ಧ ಎದ್ದು ನಿಂತಿತು. ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಹಿಡಿಯಿತು. ಇನ್ನೊಂದು ಪರದೆಯಲ್ಲಿ ದಪ್ಪ ಆಕಾರ ಕೈಯೆತ್ತಿ ಬೀಸತೊಡಗಿತು. ಅವರೇ. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಇನ್ನು ಇಳಿದು ಓಡುತ್ತಾರೆ ಎಂದುಕೊಂಡೆ. ಇಳಿಯಲಿಲ್ಲ. ಹುಡುಗಿ ಪಕ್ಕದ ಸೀಟನ್ನು ಕೈಯಿಂದ ತಟ್ಟಿ ತಟ್ಟಿ ತೋರಿಸಿದಳು. ಬರ್ರಿ, ಹಿಡಿದೇನಿ, ಬರ್ರಿ. ಆ ಕಡೆಯ ಹೆಂಗಸು ತನ್ನ ಪಕ್ಕದ ಸೀಟನ್ನು ತಟ್ಟಿ ಕೈ ಮಾಡಿ ಕರೆದಳು. ನೀನ ಬಾ, ಇಲ್ಲೆ ಐತಿ. ಎದ್ದರೆ ಹಿಡಿದಿಟ್ಟ ಸೀಟು ಹೋಗುತ್ತದಲ್ಲ! ಇಷ್ಟು ದಿನ ಕಾದು ಹಿಡಿದ ಸೀಟು ಬಿಟ್ಟು ಏಳಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಇಬ್ಬರೂ ತಟ್ಟಿದ್ದೇ ತಟ್ಟಿದ್ದು, ಕರೆದದ್ದೇ ಕರೆದದ್ದು.

"ಏ, ಇಳೀರ್ರೆ! ಸೀಟ್ ಹಾಳಾಗಿ ಹೋಗ್ಲಿ!" ಎಂದು ಖಾಲಿ ಕೋಣೆಯಲ್ಲಿ ಕೂಗಿದೆ.

ಫೋನು ಬಂತು. ಹೊಂಬಳ ಸಾಹೇಬರು. "ಮೇಡಂ, ಎರಡು ಬಸ್ ಯಾಕ ನಿಂತಾವ?"

"ನಾನ ನಿಲ್ಲಿಸೇನ್ರಿ."

"ಯಾಕ? ಏನಾಗೇತಿ?"

"ಬರೋರು ಅದಾರ್ರಿ ಸರ್."

"ಬಿಡ್ರಿ ಬಸ್ಸು. ಇಲ್ಲಾಂದ್ರ ನಾ ಇಲ್ಲಿಂದ ಬಿಡ್ತೇನಿ," ಎಂದರು. ನಾನು ಗುಂಡಿಯಿಂದ ಕೈ ತೆಗೆಯಲಿಲ್ಲ.

ಆಗ ಹಿಂದಿನ ಬಸ್ಸಿನಲ್ಲಿ, ಅಕ್ಕಾರ ತಮ್ಮ ಹಿಂದಿನ ಸೀಟಿನ ಕಡೆ ತಿರುಗಿದರು. ಅಲ್ಲಿ ಕೂತಿದ್ದ ಆಕಾರಕ್ಕೆ ಏನೋ ಹೇಳಿದರು, ತಮ್ಮ ಎರಡೂ ಸೀಟು ತೋರಿಸಿದರು. ಆ ಮನುಷ್ಯ ತಲೆಯಾಡಿಸಿ ಎದ್ದು ಬಂದ. ಒಂದು ಸೀಟಿನ ಮೇಲೆ ತನ್ನ ಚೀಲ ಇಟ್ಟ, ಇನ್ನೊಂದರ ಬಟ್ಟೆಯ ಮೇಲೆ ಅಂಗೈ ಊರಿ ನಿಂತುಕೊಂಡ. 'ಸ್ವಲ್ಪ ಸೀಟು ನೋಡ್ಕೋರಿ' ಎಂದರೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಅಕ್ಕಾರ ಕಾಲೆಳೆಯುತ್ತ ಬಾಗಿಲ ಕಡೆ ನಡೆದು ಇಳಿದರು. ಈ ಕಡೆಯ ಪರದೆ ನೋಡಿದರೆ ಹುಡುಗಿಯ ಸೀಟಿಗೂ ಒಂದು ಕಾವಲು ಬಂದಿತ್ತು. ಯಾರೋ ಒಬ್ಬಾಕೆ ಕರ್ಚೀಫಿನ ಪಕ್ಕ ಕೂತು ಕೈ ಅಡ್ಡ ಹಿಡಿದಿದ್ದಳು. ಹುಡುಗಿ ಬಾಗಿಲಲ್ಲಿದ್ದಳು, ಮರುಕ್ಷಣ ಇರಲಿಲ್ಲ.

ಸಾಹೇಬರು ಅಲ್ಲಿಂದಲೇ ಬಸ್ಸುಗಳನ್ನು ಬಿಟ್ಟರು. ಬಾಗಿಲು ಮುಚ್ಚಿದವು.

ಹೊರಗೆ ಏನಾಯಿತೋ ನನಗೆ ಕಾಣಲಿಲ್ಲ. ನಿಲ್ದಾಣದಲ್ಲಿ ಈಗ ಕಣ್ಣಿಲ್ಲ. ತಬ್ಬಿಕೊಂಡರೋ, ಅತ್ತರೋ, ಮೊದಲು ಹೆಸರು ಕೇಳಿದರೋ, ದವಾಖಾನೆಯಲ್ಲಿ ಏನಂದರೆಂದು ಕೇಳಿದರೋ. ಅವರ ಆ ದಿನದ ಪಾಸು ಮುಗಿದಿತ್ತು, ಇಬ್ಬರನ್ನೂ ಯಾವ ಬಸ್ಸೂ ಹತ್ತಿಸಿಕೊಳ್ಳುವುದಿಲ್ಲ. ಕಲ್ಲುಬೆಂಚಿನ ಮೇಲೆ ಕೂತಿರಬೇಕು. ನನ್ನ ಪರದೆಯಲ್ಲಿ ಇದ್ದದ್ದು ವಿಶ್ವವಿದ್ಯಾಲಯದ ಕಡೆ ಓಡುತ್ತಿದ್ದ ಎರಡು ಬಸ್ಸು. ಅವುಗಳಲ್ಲಿ ಇಬ್ಬರು ಅಪರಿಚಿತರು, ಗೇಟು ಬರುವತನಕ, ಖಾಲಿ ಸೀಟಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಮಧ್ಯಾಹ್ನ ತಿದ್ದುಪಡಿ ಬಂತು. ಜಾಲ ಕರ್ಚೀಫನ್ನು ಮರೆಯಿತು. ನನಗೆ ಒಂದು ನೋಟೀಸೂ ಬಂತು, ಅದು ಬರುತ್ತದೆಂದು ಗೊತ್ತೇ ಇತ್ತು. ಆದರೂ ಎದೆ ತುಂಬಿ ಬರುತ್ತಿತ್ತು. ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಏಳು ಖಾಲಿ ಕುರ್ಚಿಗಳನ್ನು ನೋಡಿದೆ. ಆಮೇಲೆ ಫೋನು ತೆಗೆದು ಗದಗಿಗೆ ಹಚ್ಚಿದೆ.

"ಏನಾತ ಅಕ್ಕಾ?" ಎಂದಳು ಸುಗಲಾ ಗಾಬರಿಯಿಂದ. "ಯಾರಿಗೇನಾತ? ಇವತ್ತ ಗುರುವಾರ ಐತಿ, ಯಾಕ ಫೋನ್ ಮಾಡಿದಿ?"

"ಯಾರಿಗೇನೂ ಆಗಿಲ್ಲ. ಸುಮ್ನ ಮಾಡ್ದೆ."

"ಸುಮ್ನ?"

"ಹೂಂ. ಒಂದು ವಿಷಯ ಹೇಳಬೇಕಂತ. ಇಲ್ಲೆ ಬಸ್ಸಿನಾಗ ಒಬ್ಬಾಕಿ ಹುಡುಗಿ..."

"ಯವ್ವಾ, ನನ್ನ ಜೀವಾನ ಹೋಗಿತ್ತು," ಎಂದು ಅವಳು ದೀರ್ಘವಾಗಿ ಉಸಿರು ಬಿಟ್ಟಳು. "ಒಲಿ ಮ್ಯಾಲ ಎಸರ ಇಟ್ಟೇನಿ ಅಕ್ಕಾ. ಐತವಾರ ಮಾಡ್ತೇನಲ್ಲ, ಆವಾಗ ಹೇಳು."

ಆಗಲಿ ಎಂದೆ. ಅವಳು ಫೋನು ಇಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.